ಬೀಗ ಮ್ಯೂಸಿಯಮ್ಮಿಗೆ ಸಿಕ್ಕ ಅನುದಾನ

ಬೀಗದ ಕೈ ಮುರಿದದ್ದು ಬೆಳಿಗ್ಗೆ ಒಂಬತ್ತೂ ಐದಕ್ಕೆ. ಮುರಿದವನು ವಾಚ್‌ಮನ್ ಚಿಕ್ಕವೆಂಕಟಪ್ಪ. ದೆಹಲಿಯ ದೊಡ್ಡ ಮೇಡಂ ಬರುವ ದಿನ ಬಾಗಿಲು ಸಲೀಸಾಗಿ ತೆರೆಯಲಿ ಎಂಬ ಒಳ್ಳೆಯ ಮನಸ್ಸಿನಿಂದ ಅವನು ಹಿಂದಿನ ದಿನವೇ ಮನೆಯಿಂದ ಹರಳೆಣ್ಣೆ ತಂದು ಬೀಗದ ತೂತಿಗೆ ಧಾರಾಳವಾಗಿ ಹುಯ್ದಿದ್ದ. ನೂರು ವರ್ಷದ ತುಕ್ಕೂ ಹರಳೆಣ್ಣೆಯೂ ರಾತ್ರಿಯೆಲ್ಲ ಸಂಸಾರ ಮಾಡಿ ಬೆಳಗಾಗುವಷ್ಟರಲ್ಲಿ ಗೋಂದಾಗಿದ್ದವು. ಕೈ ತಿರುಗಲಿಲ್ಲ. ಚಿಕ್ಕವೆಂಕಟಪ್ಪ ಇಕ್ಕಳ ಹಾಕಿ ತಿರುಗಿಸಿದ. ಟಕ್ ಅಂತು. ಅರ್ಧ ಕೈ ಇಕ್ಕಳದಲ್ಲಿ, ಅರ್ಧ ಬೀಗದೊಳಗೆ.

ಮ್ಯೂಸಿಯಮ್ಮಿನ ಮೇಲ್ವಿಚಾರಕ ಈರಯ್ಯ ಸ್ಕೂಟರ್ ನಿಲ್ಲಿಸುವುದನ್ನೇ ಅವನು ಕಾಯುತ್ತಿದ್ದ.

"ಸಾ, ಗಾಬರಿ ಆಗ್ಬೇಡಿ."

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಈ ಮಾತು ಕೇಳಿದಾಗಲೆಲ್ಲ ಗಾಬರಿಯಾಗುವಂಥದ್ದೇ ಆಗಿತ್ತು. ಈರಯ್ಯ ಹೆಲ್ಮೆಟ್ ತೆಗೆಯದೆ ಬಾಗಿಲ ಹತ್ತಿರ ಓಡಿದ.

ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ಎರಡು ಗಲ್ಲಿ ಆಚೆ, ಒಂದು ಹಳೇ ಕಲ್ಲುಕಟ್ಟಡದಲ್ಲಿ ಇದ್ದದ್ದು ರಾಷ್ಟ್ರೀಯ ಬೀಗ ಸಂಗ್ರಹಾಲಯ. ಒಳಗೆ ಆರುನೂರ ನಲವತ್ತು ಬೀಗಗಳು. ಕೋಟೆಯ ಬೀಗ, ಕಣಜದ ಬೀಗ, ಮದುವೆ ಪೆಟ್ಟಿಗೆಯ ಬೀಗ, ಆನೆಯ ಸರಪಳಿಗೆ ಹಾಕುತ್ತಿದ್ದ ಬೀಗ. ಒಂದೊಂದರ ಕೆಳಗೂ ಅದರ ಕತೆಯನ್ನು ಮೂರು ಭಾಷೆಯಲ್ಲಿ ಬರೆದಿಟ್ಟವನು ಗದಗ ಕಡೆಯ ಈರಯ್ಯನೇ. ಓದುವವರು ಮಾತ್ರ ಇರಲಿಲ್ಲ. ದಿನಕ್ಕೆ ಸರಾಸರಿ ಮೂರು ಜನ ಬರುತ್ತಿದ್ದರು. ಅವರಲ್ಲಿ ಇಬ್ಬರು ಟಾಯ್ಲೆಟ್ ಎಲ್ಲಿದೆ ಎಂದು ಕೇಳಿಕೊಂಡು ಬಂದವರು.

ನಾಲ್ಕು ವರ್ಷದಿಂದ ಸರ್ಕಾರ ಕರೆಂಟ್ ಬಿಲ್ಲಿನ ಆಚೆಗೆ ಏನೂ ಕೊಟ್ಟಿರಲಿಲ್ಲ. ಸೂರು ಸೋರುತ್ತಿತ್ತು. ಬೀಗಗಳ ಮೇಲೆ ಈರಯ್ಯ ಸ್ವಂತ ದುಡ್ಡಿನ ಪ್ಲಾಸ್ಟಿಕ್ ಶೀಟ್ ಹೊದಿಸುತ್ತಿದ್ದ. ಈ ಸಲ ಬಂದ ಪತ್ರದಲ್ಲಿ ವಿಷಯ ಖಡಾಖಂಡಿತವಾಗಿತ್ತು: ಜನ ಬರುವ ಕಡೆಗೆ ಪೂರ್ತಿ ಅನುದಾನ. ಜನ ಬಾರದ ಕಡೆ ಸಂಗ್ರಹವನ್ನೆಲ್ಲ ಮೂಟೆ ಕಟ್ಟಿ ದೆಹಲಿಯ ಉಗ್ರಾಣಕ್ಕೆ ಸಾಗಿಸತಕ್ಕದ್ದು. ಪರಿಶೀಲನೆಗೆ ಉಪನಿರ್ದೇಶಕಿ ಪ್ರತಿಭಾ ಮೇಡಂ ಮಧ್ಯಾಹ್ನ ಮೂರಕ್ಕೆ ಬರುತ್ತಾರೆ.

"ಹಿಂದಿನ ಬಾಗ್ಲು?" ಅಂದ ಈರಯ್ಯ.

"ಅದರ ಕೈ ನಿಮ್ಮ ಡ್ರಾಯರ್‌ನಲ್ಲಿದೆ ಸಾ."

"ಡ್ರಾಯರ್ ಎಲ್ಲೈತಿ?"

"ಒಳಗಡೆ ಸಾ."

ಬೇಸರ ಮೀರಿದಾಗ ಈರಯ್ಯನ ಬಾಯಲ್ಲಿ ಗದಗ ತಾನಾಗಿ ಬರುತ್ತಿತ್ತು. ಇವತ್ತು ಒಂಬತ್ತೂಕಾಲಕ್ಕೇ ಬಂದಿತ್ತು.

ಬಾಗಿಲಿನ ಬೀಗ ಒಡೆದರೆ ಮುಗಿಯಿತಲ್ಲ ಎಂದರೆ ಹಾಗೂ ಇರಲಿಲ್ಲ. ದಾಖಲೆಯಲ್ಲಿ ಅದೇ ವಸ್ತು ಸಂಖ್ಯೆ ಒಂದು. ಅವನು ಪ್ರಾದೇಶಿಕ ಕಚೇರಿಯ ಗುಮಾಸ್ತ ಶ್ರೀನಿವಾಸ್‌ಗೆ ಫೋನ್ ಮಾಡಿದ.

"ವಸ್ತು ಸಂಖ್ಯೆ ಒಂದನ್ನ ಒಡೀತೀರಾ?" ಶ್ರೀನಿವಾಸ್ ದನಿಯಲ್ಲಿ ಯಾರೋ ಹೋಗಿಬಿಟ್ಟಂಥ ದುಃಖವಿತ್ತು. "ಅದಕ್ಕೆ ಕಮಿಟಿ ಆಗ್ಬೇಕು ಸಾರ್. ನೀವು ಲೆಟರ್‌ಹೆಡ್‌ನಲ್ಲಿ ಅರ್ಜಿ ಬರೆದು ಸೀಲ್ ಹಾಕಿ ಕಳಿಸಿ."

"ಲೆಟರ್‌ಹೆಡ್ಡೂ ಸೀಲೂ ಒಳಗ ಅದಾವ ರೀ!"

"ಹಾಗಾದ್ರೆ ಬಾಗಿಲು ತೆಗೆದ ಮೇಲೆ ಕಳಿಸಿ ಸಾರ್. ಅರ್ಜೆಂಟ್ ಏನಿಲ್ಲ."

ಇಷ್ಟು ಹೊತ್ತಿಗೆ ಎದುರಿನ ಟೀ ಅಂಗಡಿಯ ಲತೀಫ್ ಕೈ ಒರೆಸಿಕೊಳ್ಳುತ್ತ ಬಂದ. ಕರೆಯದೆ ಬರುವುದರಲ್ಲಿ ಆ ಗಲ್ಲಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ಅರೇ ಈರಯ್ಯ ಸಾಬ್, ಇದಕ್ಯಾಕೆ ಟೆನ್ಷನ್? ನಮ್ಮ ಶೌಕತ್ ಭಾಯಿ ಇದಾರಲ್ಲ," ಅಂತ ಮಾರ್ಕೆಟ್ ಹತ್ತಿರ ಬೀಗ ರಿಪೇರಿ ಮಾಡುವ ಮುದುಕರನ್ನು ಆಟೋದಲ್ಲಿ ಕರೆಸಿಯೇಬಿಟ್ಟ.

ಶೌಕತ್ ಭಾಯಿ ಬೀಗದ ಮುಂದೆ ಕೂತರು. ಮೂಸಿ ನೋಡಿದರು. ಹರಳೆಣ್ಣೆ ಅಂತ ಗೊತ್ತಾಗಿ ಚಿಕ್ಕವೆಂಕಟಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ತಂತಿಯ ಕೊಕ್ಕೆ ಹಾಕಿ ಮುರಿದ ಚೂರನ್ನು ಹೊರಗೆಳೆದರು.

"ಒಡೆಯೋ ಕೆಲಸ ನನಗೆ ಹೇಳ್ಬೇಡಿ, ಸಾಬ್. ಇಂಥ ಬೀಗ ನನ್ನ ಅಬ್ಬಾ ಕಾಲದಲ್ಲೂ ಸಿಗ್ತಿರ್ಲಿಲ್ಲ. ಹೊಸ ಚಾವಿ ಉಜ್ಜಿ ಮಾಡ್ತೀನಿ. ನಾಲ್ಕು ಗಂಟೆ ಆಗುತ್ತೆ."

"ನಾಲ್ಕು ತಾಸಾ?"

"ಅಲ್ಲ, ಸಂಜೆ ನಾಲ್ಕು."

ಅವರು ಜಗಲಿಯ ಮೇಲೆ ಕೂತು ಅರದಿಂದ ಉಜ್ಜತೊಡಗಿದರು. ಆ ಕರಕರ ಸದ್ದು ಈರಯ್ಯನ ಹಲ್ಲಿನ ಬುಡಕ್ಕೇ ತಾಗುತ್ತಿತ್ತು.

ಲತೀಫ್‌ಗೆ ಸುಮ್ಮನಿರಲು ಬರುತ್ತಿರಲಿಲ್ಲ. ಯಾರ ಮನೆಯಲ್ಲಾದರೂ ಹಳೇ ಬೀಗದ ಕೈ ಇದ್ದರೆ ತನ್ನಿ ಎಂದು ಮೊಬೈಲಿನಲ್ಲಿ ನಾಲ್ಕು ಗ್ರೂಪಿಗೆ ಹಾಕಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಹತ್ತು ಜನ ಬರುತ್ತಿದ್ದರೋ ಏನೋ. ಮುಂದಿನ ಸಾಲನ್ನು ಅವನು ಜೋಶ್‌ನಲ್ಲಿ ಸೇರಿಸಿದ: ಬೀಗ ತೆಗೆದವರಿಗೆ ಸರ್ಕಾರದಿಂದ ಇನಾಮು.

ಮೊದಲು ಬಂದವರು ಪಕ್ಕದ ಮನೆಯ ಚಾಂದ್ ಬೀ. ಕೈಯಲ್ಲಿ ಕೊಬ್ಬರಿ ಸರದಷ್ಟು ದಪ್ಪದ ಗೊಂಚಲು. "ಮೂವತ್ತೊಂದು ಇವೆ ಭಾಯಿ. ಯಾವುದು ಯಾವುದಕ್ಕೆ ಅಂತ ಅಲ್ಲಾಗೇ ಗೊತ್ತು," ಅಂತ ಒಂದೊಂದಾಗಿ ತೂರಿಸತೊಡಗಿದರು. ಅವರ ಹಿಂದೆ ಎಂಟು ಜನ. ಎಂಟರ ಹಿಂದೆ ಮೂವತ್ತು. ಹಲಸೂರಿನಿಂದ ತಮಿಳು ಅಜ್ಜಿಯೊಬ್ಬರು ಅಡುಗೆ ಉಗ್ರಾಣದ ಕೈ ತಂದರು. ಇಂದಿರಾನಗರದ ನಾಲ್ಕು ಹುಡುಗಿಯರು ಬೀಗದ ಕೈ ಏನೂ ತರದೆ ಬರೀ ಮೊಬೈಲ್ ಹಿಡಿದು ಬಂದು, "ಅಂಕಲ್, ಡೋರ್ ಹತ್ರ ಸ್ವಲ್ಪ ಸ್ಯಾಡ್ ಆಗಿ ನಿಂತ್ಕೊಳ್ಳಿ, ರೀಲ್ ಮಾಡ್ತೀವಿ," ಅಂದರು. ಈರಯ್ಯ ಪ್ರಯತ್ನವೇ ಇಲ್ಲದೆ ಹಾಗೆ ನಿಂತ.

ಒಂದು ಗಂಟೆಗೆ ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯ ಇಬ್ಬರು ಡ್ರಿಲ್ಲಿಂಗ್ ಮಷೀನ್ ಹೊತ್ತು ಬಂದರು.

"ಪಕ್ಕಕ್ಕೆ ಬನ್ನಿ ಸಾರ್. ಎರಡೇ ನಿಮಿಷ."

ಈರಯ್ಯ ಎರಡೂ ತೋಳು ಚಾಚಿ ಬಾಗಿಲಿಗೆ ಅಂಟಿಕೊಂಡ. "ಮೊದ್ಲ ನನಗ ತೂತು ಹಾಕ್ರಿ, ಆಮ್ಯಾಲೆ ಬೀಗಕ್ಕ!"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಷೀನಿಗೆ ಪ್ಲಗ್ ಪಾಯಿಂಟೂ ಕಟ್ಟಡದ ಒಳಗೇ ಇದೆ ಎಂದು ಗೊತ್ತಾದ ಮೇಲೆ ಅವರೂ ಸಾಲಿನಲ್ಲಿ ನಿಂತರು.

ಸಾಲು ಗಲ್ಲಿ ದಾಟಿ ಮುಖ್ಯರಸ್ತೆಗೆ ಹೋಯಿತು. ಲತೀಫ್ ಟೋಕನ್ ಹಂಚತೊಡಗಿದ, ಟೋಕನ್ ಜೊತೆಗೆ ಟೀ ಮಾರತೊಡಗಿದ. ಹೆಂಗಸರ ಸಾಲು ಬೇರೆ ಇರಲಿ ಎಂದು ಚಾಂದ್ ಬೀ ಅದರ ಯಜಮಾನಿಕೆ ವಹಿಸಿಕೊಂಡರು. ಚಿಕ್ಕವೆಂಕಟಪ್ಪ ಟ್ರಾಫಿಕ್ ನಿಲ್ಲಿಸಿದ. ಎಲ್ಲರಿಗೂ ಒಂದೊಂದು ಕೆಲಸ ಸಿಕ್ಕಿತ್ತು. ಈರಯ್ಯನಿಗೆ ಮಾತ್ರ ಬಂದವರ ಬೀಗದ ಕೈ ನೋಡಿ "ಇದು ಗೋದ್ರೇಜ್ ಕಪಾಟಿಂದು, ಇದು ಸೈಕಲ್ಲಿಂದು, ಇದು ಚಮಚ ರೀ" ಅಂತ ಹೇಳುತ್ತ ನಿಲ್ಲುವ ಕೆಲಸ. ಹೇಳುತ್ತ ಹೇಳುತ್ತ ಅವನಿಗೇ ತಿಳಿಯದಂತೆ ಬೀಗಗಳ ಕತೆಯೂ ಹೊರಬರುತ್ತಿತ್ತು. ಜನ ಬಾಯಿಬಿಟ್ಟು ಕೇಳುತ್ತಿದ್ದರು.

ಮೂರು ಹೊಡೆಯಿತು. ಮೇಡಂ ಬರಲಿಲ್ಲ. ಮೂರೂವರೆಯಾಯಿತು. ವಿಮಾನ ತಡವಾಗಿರಲಿ, ರದ್ದಾಗಿರಲಿ, ದೆಹಲಿಯಲ್ಲಿ ಮಂಜು ಕವಿದಿರಲಿ ಎಂದು ಈರಯ್ಯ ಬೇಡಿಕೊಂಡ. ಏಪ್ರಿಲ್ ತಿಂಗಳಲ್ಲಿ ಮಂಜು ಕೇಳುವುದು ಅತಿಯಾಯಿತೇನೋ ಅಂತಲೂ ಅನ್ನಿಸಿತು.

"ಇನ್ನೂರ ಎಂಬತ್ತೇಳು!" ಕೂಗಿದರು ಚಾಂದ್ ಬೀ.

ಹತ್ತಿಸೀರೆ ಉಟ್ಟ ಹೆಂಗಸೊಬ್ಬರು ಬಂದು ನಿಂತರು. ತಲೆ ಎತ್ತುವ ತ್ರಾಣವೂ ಇಲ್ಲದ ಈರಯ್ಯ ಅಂಗೈ ಚಾಚಿದ. "ನಿಮ್ಮ ಕೀಲಿಕೈ ಕೊಡ್ರಿ ಅಕ್ಕಾರೆ."

"ನನ್ನ ಹತ್ರ ಕೀಲಿಕೈ ಇಲ್ರೀ. ಫೈಲ್ ಐತಿ."

ಈರಯ್ಯ ತಲೆ ಎತ್ತಿದ. ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ. ಪ್ರತಿಭಾ.

"ಮೇಡಂ... ನೀವು... ಸಾಲಿನಾಗ..."

"ಮೂರಕ್ಕೇ ಬಂದೆ. ಟೀ ಅಂಗಡಿಯವರು ಟೋಕನ್ ಇಲ್ದೆ ಬಿಡಲ್ಲ ಅಂದ್ರು." ಅವರು ಧಾರವಾಡದವರಂತೆ, ನೌಕರಿ ದೆಹಲಿಯಲ್ಲಿ. ಹಣೆಯ ಬೆವರು ಒರೆಸಿಕೊಂಡರು. ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. "ಈರಯ್ಯನವರೇ, ಈ ವರ್ಷ ಇಪ್ಪತ್ತೆರಡು ಮ್ಯೂಸಿಯಂ ನೋಡಿದೆ. ಎಲ್ಲಾ ಕಡೆ ನಾನು, ವಾಚ್‌ಮನ್, ಒಂದು ಬೆಕ್ಕು. ಕ್ಯೂ ನೋಡಿದ್ದು ಇದೇ ಮೊದ್ಲು!"

ಈರಯ್ಯ ಸುಳ್ಳು ಹೇಳುವ ಸ್ವಭಾವದವನಲ್ಲ. ಹರಳೆಣ್ಣೆಯಿಂದ ಹಿಡಿದು ಇನಾಮಿನವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಮೇಡಂ ನಗುನಗುತ್ತಲೇ ಕೇಳಿದರು. ಕಾರಣ ಏನೇ ಇರಲಿ, ಜನ ಬಂದಿದ್ದಾರೆ, ನಿಂತಿದ್ದಾರೆ, ಬೀಗದ ಬಗ್ಗೆಯೇ ಮಾತಾಡುತ್ತಿದ್ದಾರೆ. ಪೂರ್ತಿ ಅನುದಾನಕ್ಕೆ ಇಷ್ಟು ಸಾಕು ಎಂದರು. ಲತೀಫ್ ಅಂಗಡಿಯ ಮೇಜಿನ ಮೇಲೆ ಫೈಲ್ ಬಿಚ್ಚಿ ಬರೆಯತೊಡಗಿದರು. ಈರಯ್ಯನ ಕಣ್ಣು ತುಂಬಿ ಬಂತು. ಸೋರುವ ಸೂರು, ಬಣ್ಣ ಕಾಣದ ಗೋಡೆ, ಗಾಜು ಒಡೆದ ಪೆಟ್ಟಿಗೆಗಳು, ಎಲ್ಲವೂ ಹೊಸದಾಗುವಂತೆ ಕಾಣಿಸಿತು.

ಆಗಲೇ ಕರಕರ ಸದ್ದು ನಿಂತಿತು. ಶೌಕತ್ ಭಾಯಿ ಎದ್ದು, ಉಜ್ಜಿದ ಚಾವಿಯನ್ನು ಅಂಗಿಗೆ ಒರೆಸಿ, ಬೀಗಕ್ಕೆ ಹಾಕಿ ಮೆಲ್ಲಗೆ ತಿರುಗಿಸಿದರು. ಬಾಗಿಲು ತೆರೆಯಿತು.

ಓ ಎಂದು ಗಲ್ಲಿಯೆಲ್ಲ ಕೂಗಿತು. ಜನ ನುಗ್ಗಿದರು, ಹೊಸ್ತಿಲಲ್ಲೇ ನಿಂತು ಇಣುಕಿದರು.

"ಬರೀ ಬೀಗಾನಾ?" ಅಂದ ಡ್ರಿಲ್ಲಿಂಗ್ ಮಷೀನಿನವನು.

"ಫ್ಯಾನ್ ಕೂಡ ಇಲ್ಲ," ಅಂದಳು ರೀಲ್ ಹುಡುಗಿ.

"ಇನಾಮು ಶೌಕತ್‌ಗೆ ಹೋಯ್ತು, ನಡೀರಿ," ಅಂದರು ಚಾಂದ್ ಬೀ.

ಹತ್ತು ನಿಮಿಷದಲ್ಲಿ ಗಲ್ಲಿ ಖಾಲಿ. ಉಳಿದವರು ಮೂವರು. ಅವರಲ್ಲಿ ಇಬ್ಬರು ಟಾಯ್ಲೆಟ್ ಎಲ್ಲಿದೆ ಎಂದರು.

ಪ್ರತಿಭಾ ಮೇಡಂ ಪೆನ್ನು ಎತ್ತಿ ಹಿಡಿದು ಖಾಲಿ ಗಲ್ಲಿಯನ್ನೂ ತೆರೆದ ಬಾಗಿಲನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಮುಂದಕ್ಕೆ ಬರೆದರು. ಈರಯ್ಯ ಅದನ್ನು ತಲೆಕೆಳಗಾಗಿಯೇ ಓದಿಕೊಂಡ: ಬಾಗಿಲು ಮುಚ್ಚಿದ್ದಾಗ ಮುನ್ನೂರು ಜನ, ತೆರೆದಾಗ ಮೂರು. ಪೂರ್ತಿ ಅನುದಾನ ಮಂಜೂರು. ಷರತ್ತು: ಸಂಗ್ರಹಾಲಯವನ್ನು ತೆರೆಯತಕ್ಕದ್ದಲ್ಲ.

"ಮೇಡಂ, ಇದೇನ್ರಿ? ಸೂರು ರಿಪೇರಿ?"

"ಒಳಗೆ ಯಾರೂ ಹೋಗೂದಿಲ್ಲ ಅಂದ್ಮೇಲೆ ಸೂರು ಯಾಕ್ರೀ? ಹಣ ಎಲ್ಲಾ ಹೊರಗೆ ಹಾಕ್ರಿ. ಶಾಮಿಯಾನ, ಬ್ಯಾರಿಕೇಡು, ಟೋಕನ್ ಮಷೀನು. ಜನಕ್ಕೆ ಏನು ಬೇಕೋ ಅದನ್ನ ಕೊಡಬೇಕು." ಶೌಕತ್ ಭಾಯಿಯ ಕೈಯಿಂದ ಬೀಗದ ಹೊಸ ಕೈ ಇಸಿದುಕೊಂಡು ತಾವೇ ಬಾಗಿಲು ಹಾಕಿದರು. ಅದನ್ನು ಒಂದು ಲಕೋಟೆಯಲ್ಲಿಟ್ಟು ಅಂಟಿಸಿದರು. "ಇದು ದೆಹಲಿಯಲ್ಲಿ ಭದ್ರವಾಗಿರ್ತೈತಿ. ಶಭಾಷ್, ಈರಯ್ಯನವರೇ."

ಕಾರು ಹೊರಟುಹೋಯಿತು. ಈರಯ್ಯ ಜಗಲಿಯ ಮೇಲೆ ಕುಸಿದು ಕೂತ. ಲತೀಫ್ ಸಂತೋಷದಿಂದ, ದುಡ್ಡು ಬೇಡವೆಂದು, ಒಂದು ಟೀ ತಂದಿಟ್ಟ.

ಐದಕ್ಕೆ ಹತ್ತು ನಿಮಿಷವಿರುವಾಗ ಗಲ್ಲಿಯ ತುದಿಯಲ್ಲಿ ಒಬ್ಬ ಹಿರಿಯರು ಕಾಣಿಸಿಕೊಂಡರು. ಬಗಲಲ್ಲಿ ಚೀಲ, ಕೈಯಲ್ಲಿ ನೋಟ್‌ಬುಕ್, ಜೇಬಿನಲ್ಲಿ ಭೂತಗನ್ನಡಿ.

"ನಮಸ್ಕಾರ. ನಾನು ಮುನಿಆಂಜನಪ್ಪ ಅಂತ, ರಿಟೈರ್ಡ್ ಮೇಷ್ಟ್ರು. ಕೆ.ಆರ್.ಪುರದಿಂದ ಎರಡು ಬಸ್ ಬದಲಾಯಿಸ್ಕೊಂಡು ಬಂದೆ. ಇಲ್ಲಿ ಪ್ರತಿ ಬೀಗದ ಕೆಳಗೂ ಯಾರೋ ಬಹಳ ಶ್ರದ್ಧೆಯಿಂದ ಅದರ ಕತೆ ಬರೆದಿಟ್ಟಿದಾರಂತೆ. ಎಲ್ಲಾ ಓದಿ ಬರ್ಕೊಂಡು ಹೋಗೋಣ ಅಂತ. ಎಷ್ಟು ದಿನ ಆದ್ರೂ ಪರವಾಗಿಲ್ಲ, ದಿನಾ ಬರ್ತೀನಿ. ಒಳಗೆ ಹೋಗ್ಬಹುದಾ?"

ಈರಯ್ಯ ಬಾಗಿಲು ನೋಡಿದ. ಮೇಷ್ಟ್ರ ಮುಖ ನೋಡಿದ. ಅಷ್ಟರಲ್ಲೇ ಲತೀಫ್ ಅಂಗಡಿಯಿಂದ ಹಾರಿ ಬಂದು ಮೇಷ್ಟ್ರ ಕೈಗೆ ಒಂದು ಟೋಕನ್ ತುರುಕಿದ.

"ಒಳಗೆ ಬಿಡಲ್ಲ ಸಾಬ್, ಸರ್ಕಾರದ ಆರ್ಡರ್. ಇಲ್ಲೇ ನಿಂತ್ಕೊಳ್ಳಿ. ಸಾಲು ನಿಮ್ಮಿಂದಾನೇ ಶುರು."