ಜ್ವರವಿಲ್ಲ, ದೂರಿಲ್ಲ

ಚೀನಾ ಕರಾವಳಿಯ ಶೆಕ್‌ವಾನ್ ಬಂದರಿನಲ್ಲಿ ಜೂನ್ ಹನ್ನೆರಡನೇ ತಾರೀಖು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪ್ಲೇಗು ಮುಗಿಯಿತು. ಹಡಗುಗಳು ಇತ್ತ ತಲೆ ಹಾಕಲು ಹೆದರುತ್ತಿದ್ದುದರಿಂದ ಇಂಗ್ಲಿಷ್ ದೊರೆಗಳು ಅದನ್ನು ಮುಗಿಸದೆ ಬೇರೆ ದಾರಿಯಿರಲಿಲ್ಲ. ಗೋಡೆಗೆ ಪ್ರಕಟಣೆ ಅಂಟಿಸಿದೆವು: "ಈ ದಿನದಿಂದ ಪಟ್ಟಣದಲ್ಲಿ ಪ್ಲೇಗು ಇರತಕ್ಕದ್ದಲ್ಲ. ಇದ್ದದ್ದು ಕಂಡುಬಂದಲ್ಲಿ, ಕಂಡವರನ್ನು ವಿಚಾರಣೆಗೆ ಒಳಪಡಿಸಲಾಗುವುದು."

ಜನನ, ಮರಣ, ರೋಗ, ಹವಾಮಾನ, ಈ ನಾಲ್ಕನ್ನೂ ವಾರಕ್ಕೊಮ್ಮೆ ಒಂದೇ ಹಾಳೆಯಲ್ಲಿ ತುಂಬಿ ಮೇಲಕ್ಕೆ ಕಳಿಸುವ ಗುಮಾಸ್ತ ನಾನು. ಹತ್ತೊಂಬತ್ತು ವರ್ಷದಿಂದ ಒಂದು ಚಿತ್ತಿಲ್ಲದೆ ಬರೆದಿದ್ದೇನೆ, ಬೇಕಾದರೆ ಯಾರನ್ನಾದರೂ ಕೇಳಿ. ಹೊಸ ಹಾಳೆಯಲ್ಲಿ ಪ್ಲೇಗಿನ ಕಾಲಂ ಇರಲಿಲ್ಲ. ಉಳಿದ ಜಾಗವನ್ನು ಹವಾಮಾನಕ್ಕೆ ಕೊಟ್ಟಿದ್ದರು.

ಸೋಮವಾರ ಮೋಕ್ ಲಾಯ್‌ಹೋ ಬಂದಳು. ಬೀದಿಯಲ್ಲಿ ಗಂಜಿ ಮಾರುವವಳು. ತಲೆಗೆ ಸೂತಕದ ಬಿಳಿ ಬಟ್ಟೆ ಕಟ್ಟಿದ್ದಳು. ಅವಳ ಗಂಡ ಫಾನ್ ಕ್ಷೌರಿಕ; ನಮ್ಮ ಗಂಡಸರ ಪದ್ಧತಿಯಂತೆ ನನ್ನ ಹಣೆ ಬೋಳಿಸಿ ಜಡೆ ಹೆಣೆಯುತ್ತಿದ್ದವನು ಅವನೇ.

"ಗುಮಾಸ್ತಣ್ಣ, ನಮ್ಮನೆಯವರು ಹೋಗ್ಬಿಟ್ರು," ಅಂದಳು. "ನಿನ್ನೆ ಸಂಜೆ, ಮನೇಲೇ. ಪ್ಲೇಗು."

ಪ್ಲೇಗು ಬಂದ ಮೂರು ವರ್ಷದಲ್ಲಿ ಯಾರೂ ಕಚೇರಿಯಲ್ಲಿ ಹೀಗೆ ನಿಜ ಹೇಳಿರಲಿಲ್ಲ. ಮನೆಯೊಳಗೆ ಪ್ಲೇಗಿನ ಹೆಣ ಸಿಕ್ಕರೆ ಸರ್ಕಾರದವರು ಹಾಸಿಗೆ ಕುರ್ಚಿ ಸುಟ್ಟು, ಸುಣ್ಣ ಸುರಿದು, ಬಾಗಿಲಿಗೆ ಬೀಗ ಜಡಿಯುತ್ತಾರೆ. ಆದ್ದರಿಂದ ಹೆಣವನ್ನು ಬೆಳಕು ಹರಿಯುವ ಮೊದಲೇ ದೂರದ ಬೀದಿಯಲ್ಲಿ ಮಲಗಿಸಿ ಬಂದು, ಏನೂ ಅರಿಯದವರಂತೆ ಚಹಾ ಕುಡಿಯುವುದು ನಮ್ಮ ಮಾನವಂತರ ರೂಢಿ. ನನ್ನ ಹಾಳೆಗಳ ಪ್ರಕಾರ ಮೂರು ವರ್ಷದಿಂದ ಶೆಕ್‌ವಾನಿನ ಮನೆಗಳಲ್ಲಿ ಒಬ್ಬರೂ ಸತ್ತಿಲ್ಲ. ಬೀದಿಗಳ ಆರೋಗ್ಯ ಮಾತ್ರ ತೀರಾ ಹದಗೆಟ್ಟಿದೆ.

"ಎಲ್ಲರ ಹಾಗೆ ಬೀದೀಲಿ ಮಲಗಿಸಿ ಬರೋದಲ್ವೇನಮ್ಮ?" ಅಂದೆ.

"ಇಪ್ಪತ್ತೆರಡು ವರ್ಷ ನನ್ ಪಕ್ಕ ಮಲಗಿದೋರಣ್ಣ. ಬೀದೀಲಿ ಹೆಂಗೆ ಮಲಗಿಸ್ಲಿ? ಅಪ್ಪ ಅಮ್ಮನ ಗೋರಿ ಪಕ್ಕದಲ್ಲೇ ಹೂಳ್ತೀನಿ ಅಂತ ಮಾತು ಕೊಟ್ಟಿದೀನಿ. ನಾಳೆ ದೋಣೀಲಿ ಊರಿಗೆ ಕರ್ಕೊಂಡು ಹೋಗೋಕೆ ಒಂದು ಚೀಟಿ ಕೊಡಿ, ಸಾಕು."

"ಚೀಟಿಗೆ ಸಾವಿನ ಕಾರಣ ಬೇಕು. ಪ್ಲೇಗು ಶನಿವಾರವೇ ಮುಗಿದಿದೆ. ಎರಡೇ ಎರಡು ದಿನ ಮುಂಚೆ ಹೋಗಿದ್ರೆ..." ಅಂದುಬಿಟ್ಟೆ. ಅಂದ ಮೇಲೆ ನಾಚಿಕೆಯಾಯಿತು.

"ಬಿಸಿಲಿಗೆ ಸತ್ರು ಅಂತ ಬರ್ಕೊಳ್ಳಿ."

"ಆಗಲ್ಲಮ್ಮ. ಭಾನುವಾರದ ಹವಾಮಾನ 'ಹಿತಕರ' ಅಂತ ತಂತಿ ಹೋಗಿದೆ. ಹಿತಕರ ಹವೇಲಿ ಸಾಯೋಕೆ ಅವಕಾಶ ಇಲ್ಲ."

ಒಳಗಿನಿಂದ ಡಾಕ್ಟರ್ ವಿಂಡ್ಲೆ ಬಂದರು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ಕಾರಣವಿಲ್ಲದೆ ಮರಣವಿಲ್ಲ. ಕಾರಣ ಬರೆಯಲು ಕಾಲಂ ಇಲ್ಲವಾದ್ದರಿಂದ ಈತನು ಸತ್ತಿಲ್ಲ. ಸಾಯದ ಮನುಷ್ಯನು ಟಿಕೆಟ್ ಪಡೆದು ಪ್ರಯಾಣಿಸಬಹುದು. ಆರೋಗ್ಯ ಪತ್ರ ನಾನು ಕೊಡುತ್ತೇನೆ."

ಮಧ್ಯಾಹ್ನ ಫಾನನನ್ನು ಡೋಲಿಯಲ್ಲಿ ಕೂರಿಸಿ ತಂದರು. ಡಾಕ್ಟರು ಅವನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ತೆಗೆದರು.

"ಜ್ವರವಿಲ್ಲ. ಬರೆದುಕೋ." ಆಮೇಲೆ ಬಾಗಿ ಕೇಳಿದರು: "ಏನಾದರೂ ತೊಂದರೆಯಿದೆಯೇ?" ಗಡಿಯಾರ ನೋಡುತ್ತ ಅರ್ಧ ನಿಮಿಷ ಕಾದರು. "ದೂರಿಲ್ಲ. ಬರೆದುಕೋ."

ಬರೆದುಕೊಂಡು ಮೊಹರು ಒತ್ತಿದೆ. ಶವಪೆಟ್ಟಿಗೆಯನ್ನು ಪ್ರಯಾಣಿಕನ ಲಗೇಜಿಗೆ ಸೇರಿಸಿದೆ: ಮರದ ಪೆಟ್ಟಿಗೆ ಒಂದು, ಖಾಲಿ.

"ಇನ್ನು ಆ ಬಿಳಿ ಬಟ್ಟೆ ಬಿಚ್ಚಮ್ಮ," ಅಂದೆ. "ದೋಣಿ ಹತ್ತೋ ದಕ್ಕೆ ಮೇಲೆ ಅಳಲೂಬಾರದು. ಗಂಡ ಆರೋಗ್ಯವಾಗಿ ಊರಿಗೆ ಹೊರಟಾಗ ಹೆಂಡತಿ ಅತ್ತರೆ ವದಂತಿ ಹಬ್ಬಿಸಿದ ಹಾಗೆ. ಹತ್ತನೇ ನಿಯಮ."

ಅವಳು ನನ್ನನ್ನೇ ನೋಡಿದಳು. ಬಟ್ಟೆ ಬಿಚ್ಚಿ, ಮಡಿಸಿ, ಗಂಡನ ತೊಡೆಯ ಮೇಲಿಟ್ಟಳು. ಮರುದಿನ ದೋಣಿಯಲ್ಲಿ ಅಂಬಿಗ, "ಏನಮ್ಮ, ಯಜಮಾನ್ರು ಮಾತೇ ಆಡಲ್ವಲ್ಲ?" ಎಂದನಂತೆ. "ಜನರ ತಲೆ ಬೋಳಿಸ್ತಾ ಆಡೀ ಆಡೀ ಸಾಕಾಗಿದೆ ಅವರಿಗೆ," ಅಂದಳಂತೆ. ಅಳಲಿಲ್ಲ.

ಸುದ್ದಿ ಹಬ್ಬಿತು. ವಾರದೊಳಗೆ ಕಚೇರಿಯ ಮುಂದೆ ಡೋಲಿಗಳ ಸಾಲು ನಿಂತಿತು. ಬೀದಿಗಳು ಗುಣಮುಖವಾದವು. ಇಷ್ಟು ಆರೋಗ್ಯವಂತರು ಊರು ಬಿಟ್ಟು ಹೋಗುತ್ತಿರುವುದೇಕೆ ಎಂದು ಮೇಲಿನವರು ಕೇಳಿದರು. ಹವೆ ಹಿತಕರವಾಗಿರುವುದರಿಂದ ಎಂದು ಉತ್ತರಿಸಿದೆವು. ಡಾಕ್ಟರಿಗೆ ಪದಕ ಬಂತು.

ಮೂರನೇ ವಾರ ಲಾಯ್‌ಹೋ ಮತ್ತೆ ಬಂದಳು, ಗೋಡೆ ಹಿಡಿದುಕೊಂಡು. ಸುಣ್ಣ ಕಾಣದ, ಬೀಗ ಬೀಳದ ಅದೇ ಮನೆಯಲ್ಲಿ ಅವಳು ಅದೇ ಹಾಸಿಗೆಯ ಮೇಲೆ ಮಲಗುತ್ತಿದ್ದಳು. ಕಣ್ಣು ಕೆಂಡವಾಗಿತ್ತು, ಕಂಕುಳಲ್ಲಿ ಗಡ್ಡೆ.

"ನಂಗೂ ಒಂದು ಚೀಟಿ ಕೊಡಿ ಗುಮಾಸ್ತಣ್ಣ. ಕಾಲಲ್ಲಿ ಶಕ್ತಿ ಇರುವಾಗ್ಲೇ ಅವರ ಹತ್ರ ಹೋಗಿ ಸೇರ್ಕೊಂಡ್ಬಿಡ್ತೀನಿ."

ಡಾಕ್ಟರು ಥರ್ಮಾಮೀಟರ್ ನೋಡಿ ತಲೆಯಾಡಿಸಿದರು. "ನೂರಾನಾಲ್ಕು. ಜ್ವರವಿರುವವರಿಗೆ ಪತ್ರ ಕೊಡುವಂತಿಲ್ಲ. ಜ್ವರ ಇಳಿದ ಮೇಲೆ ಬಾ."

"ಏನು ಕಾಯಿಲೆ ಸಾಹೇಬ್ರೇ?"

"ಅದಕ್ಕೆ ಕಾಲಂ ಇಲ್ಲ."

"ಇಳಿಯುತ್ತೆ ಬಿಡಿ," ಅಂದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟೆ. ಆ ಸ್ಥಿತಿಯಲ್ಲೂ ನಕ್ಕಳು, ಪುಣ್ಯಾತ್ಗಿತ್ತಿ. "ಇದು ಎಷ್ಟನೇ ನಿಯಮ ಅಣ್ಣ?"

ಮೂರನೇ ದಿನ ನೆರೆಹೊರೆಯವರು ಅವಳನ್ನು ಡೋಲಿಯಲ್ಲಿ ಕೂರಿಸಿ ತಂದರು. ಜ್ವರ ಪೂರ್ತಿ ಇಳಿದಿತ್ತು. ಡಾಕ್ಟರು ಅರ್ಧ ನಿಮಿಷ ಕಾದರು. ದೂರಿರಲಿಲ್ಲ. ಮೊಹರು ನಾನೇ ಒತ್ತಿದೆ.

ಆಮೇಲೆ ವಾರದ ಹಾಳೆ ತುಂಬಿದೆ. ಜನನ ಏಳು. ಮರಣ ಇಲ್ಲ. ರೋಗ ಇಲ್ಲ. ಹವಾಮಾನ ಹಿತಕರ. ಬರೆಯುವಾಗ ಹಾಳೆಯ ಮೇಲೆ ಎರಡು ಹನಿ ಬಿದ್ದು ಶಾಯಿ ಚಿತ್ತಾಯಿತು. ಇದೇನೆಂದು ಡಾಕ್ಟರು ಕೇಳಿದರು. ಮಾಡು ಸೋರುತ್ತಿದೆ ಅಂದೆ. ಹಿತಕರ ಹವೆಯಲ್ಲಿ ಮಾಡು ಸೋರುವಂತಿಲ್ಲ ಎಂದು ಅವರು ತಿಳಿಸಿದರು. ಹೌದು ಸ್ವಾಮಿ ಎಂದು ಒಪ್ಪಿಕೊಂಡು, ಬೇರೆ ಹಾಳೆ ತೆಗೆದುಕೊಂಡೆ.