ಚೀಟಿ ಓದದ ಕಂಪ್ಯೂಟರ್

ನಾರಾಯಣಪೇಟೆಯ ಗುರುಲಿಂಗಮ್ಮನ ಸೀರೆ ಅಂಗಡಿಯಲ್ಲಿ ತಿರುಗುವ ಕುರ್ಚಿ ಸಿಕ್ಕಾಗಿನಿಂದ ಕೊಟ್ರೇಶನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಮೊದಲು ಅವನು ಅದೇ ಅಂಗಡಿಯ ಮೂಟೆ ಹೊರುತ್ತಿದ್ದ. ಮಕ್ತಲಿನಲ್ಲಿ ಒಂದು ಮಳೆಗಾಲ ಕಂಪ್ಯೂಟರ್ ಕಲಿತು ಬಂದು, ಆರ್ಡರ್ ಚೀಟಿ ತಾನೇ ತೆಗೆಯುವ ಪ್ರೋಗ್ರಾಂ ಬರೆದ.

ಗಿರಾಕಿಯ ಫೋನಿನಿಂದ ಆರ್ಡರ್ ಬರುವುದು ಜೇಸನ್ ಎಂಬ ಗಂಟಿನಲ್ಲಿ. ಗಂಟಿನೊಳಗೆ ಒಂದೊಂದರ ಕೊರಳಿಗೂ ಚೀಟಿ: ಇದು ಕೊಡುವವರ ಹೆಸರು, ಇದು ತಗೊಳ್ಳುವವರ ಹೆಸರು. ಕಂಪ್ಯೂಟರಿನಲ್ಲಿ ಆಬ್ಜೆಕ್ಟ್ ಎಂಬ ಪೆಟ್ಟಿಗೆ, ಅದರಲ್ಲೂ ಅವೇ ಹೆಸರಿನ ಖಾನೆಗಳು. ಚೀಟಿ ಓದಿ ಖಾನೆಗೆ ಹಾಕಿದರೆ ಮುಗಿಯಿತು. ಕೊಟ್ರೇಶನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮೊದಲು ಬಂದದ್ದು ಕೊಡುವವರ ಖಾನೆಗೆ, ಆಮೇಲಿನದು ತಗೊಳ್ಳುವವರ ಖಾನೆಗೆ ಎಂದು ಬರೆದುಬಿಟ್ಟಿದ್ದ.

ಅಂದು ಸೀರೆ ಹೊತ್ತು ಗದ್ವಾಲಿನ ಗಾಡಿ ಹೊರಟ ಮೇಲೆ, ಸೀರೆ ಮಡಚುವ ಝಾನ್ಸಿ ಕಂಪ್ಯೂಟರ್ ಪರದೆಯೊಳಗೆ ಮೂಗು ತೂರಿಸಿದಳು.

"ಏ ಕೊಟ್ರೇಶ, ಶ್ರೀನಿವಾಸುಲು ಮಗಳ ಮದಿವಿ ಆಯೇರಿ, ಉಡುಗೊರಿ ಸೀರಿ ಇದು. ಆತನ ಹೆಂಡ್ತಿ ತಿರುಪತಮ್ಮ ನಾದಿನಿ ನರಸಿಂಹಮ್ಮಗ ಕೊಡಾಕಿ. ನೀ ನಾದಿನಿ ಕಡಿಂದ ಆಕಿಗೇ ಕಳಿಸೀಯಲ್ಲೋ!"

ಈ ಸಲ ಗಂಟಿನಲ್ಲಿ ತಗೊಳ್ಳುವವರ ಹೆಸರೇ ಮೊದಲು ಬಂದಿತ್ತು. ಗುರುಲಿಂಗಮ್ಮ ಕುರ್ಚಿಯ ಬೆನ್ನು ಹಿಡಿದಳು. "ಇಳಿ. ನಾದಿನಿಗೆ ಬ್ಯಾರೆ ಸೀರಿ ತಗೊಂಡು ಗದ್ವಾಲಿಗೆ ಹೋಗು. ಆ ಮನ್ಯಾಗ ಜಗಳ ಆತಂದ್ರ ಕುರ್ಚಿ ಇಲ್ಲ, ಮತ್ತ ಮೂಟಿನ."

ಕೊಟ್ರೇಶ ಚೀಟಿ ಓದಿ ಖಾನೆಗೆ ಹಾಕುವಂತೆ ಪ್ರೋಗ್ರಾಂ ತಿದ್ದಿದ. ಗಿರಾಕಿಗಳಿಗೆ ತಿದ್ದುಪಡಿ ಮೆಸೇಜನ್ನೂ ತಯಾರು ಮಾಡಿ, "ಊಟ ಆದಮ್ಯಾಗ ಈ ಬಟನ್ ಒತ್ತವ್ವಾ" ಎಂದು ಝಾನ್ಸಿಗೆ ಹೇಳಿ ಬಸ್ಸಿಗೆ ಓಡಿದ.

ಗದ್ವಾಲಿನ ಮನೆಯಲ್ಲಿ ಅತ್ತಿಗೆ ನಾದಿನಿಯರು ಬೆಲ್ಲಕ್ಕೆ ಇರುವೆ ಹತ್ತಿದಂತೆ ಅಂಟಿಕೊಂಡು ಕೂತಿದ್ದರು! ಯಾವುದೋ ಸೀಮಂತದಲ್ಲಿ ಹಪ್ಪಳ ಬಡಿಸಲಿಲ್ಲವೆಂದು ಮಾತು ಬಿಟ್ಟವರು.

"ನನ್ನ ನರಸಿಂಹಮ್ಮ ತಾನಾಗೇ ಸೀರಿ ಕಳಿಸ್ಯಾಳ!" ತಿರುಪತಮ್ಮನ ಕಣ್ಣಲ್ಲಿ ನೀರು.

ಸೀರೆ ಆರಿಸಿದ್ದು ಶ್ರೀನಿವಾಸುಲು. ಅವನಿಗೆಲ್ಲ ಗೊತ್ತು. ಕೊಟ್ರೇಶ ತಂದ ಸೀರೆಯನ್ನು ಹೆಂಡತಿಯ ಕೈಯಿಂದಲೇ ತಂಗಿಗೆ ಕೊಡಿಸಿ, ಹುಡುಗನ ಕಿವಿ ಹಿಂಡಿದ. "ತಮ್ಮಾ, ನಿನ್ನ ತಪ್ಪಿನಿಂದ ಮನಿ ಉಳೀತು. ಬಾಯಿ ಮುಚ್ಚಿ ಹೋಳಿಗಿ ತಿನ್ನು."

ಎರಡನೇ ಹೋಳಿಗೆ ಬಾಯಲ್ಲಿರುವಾಗ ಕೊಟ್ರೇಶನಿಗೆ ಬಟನ್ ನೆನಪಾಯಿತು. ಫೋನ್ ಹಚ್ಚಿದ.

"ಝಾನ್ಸೀ, ಒತ್ತಬ್ಯಾಡ!"

"ಈಗs ಒತ್ತಿದೆನೋ. ಮಸ್ತ್ ಹೋತು."

ಟಿಣ್. ಟಿಣ್. ಅತ್ತಿಗೆ ನಾದಿನಿ ಇಬ್ಬರ ಫೋನಿಗೂ ಮೆಸೇಜು ಬಂತು: 'ಸೀರೆ ನರಸಿಂಹಮ್ಮನವರು ಕೊಟ್ಟದ್ದಲ್ಲ. ತಪ್ಪಾಗಿ ಬಂದಿದೆ. ಕ್ಷಮಿಸಿ.'

"ನೀ ಕೊಟ್ಟಿದ್ದಂತ ಅತ್ತೆನಲ್ಲೇ!" ಎಂದಳು ತಿರುಪತಮ್ಮ.

"ನೀ ಅಳಾಕತ್ತಿದ್ದಿ ಅಂತ ಅಪ್ಪಿಕೊಂಡೆ ವೈನಿ. ಕೊಟ್ಟೀನಿ ಅಂದೆನೇನ?"

ಹಪ್ಪಳದಿಂದ ಹಿಡಿದು ಎಲ್ಲವೂ ಹೊರಬಿತ್ತು. ಕೊಟ್ರೇಶ ಹೋಳಿಗೆ ನುಂಗದೆಯೇ ಬಸ್ಸು ಹಿಡಿದ.

ಸಂಜೆ ಅಂಗಡಿಗೆ ಬಂದರೆ ಝಾನ್ಸಿ ಕುರ್ಚಿಯಲ್ಲಿ ಗರಗರ ತಿರುಗುತ್ತಿದ್ದಳು. ಪಕ್ಕದಲ್ಲಿ ಮೂಟೆ.

"ತಪ್ಪು ಮಾಡಿದಾಗ ಅಪ್ಪಿಕೊಂಡ್ರು, ಸರಿ ಮಾಡಿದಾಗ ಹೊಡದಾಡಿದ್ರು," ಎಂದಳು ಗುರುಲಿಂಗಮ್ಮ. "ನೀ ಎರಡೂ ಮಾಡಬ್ಯಾಡ, ಮೂಟಿ ಹೊರು. ಆದ್ರ ಈಗ ಅವರಿಬ್ರೂ ಮತ್ತ ಒಂದಾಗ್ಯಾರ."

"ಹೌದ್ರೀ ಅಕ್ಕಾರ? ಹೆಂಗ?"

ಝಾನ್ಸಿ ಈಗಷ್ಟೇ ಬಂದ ಹೊಸ ಆರ್ಡರಿನ ಚೀಟಿ ಕೈಗಿಟ್ಟಳು. ಕೊಟ್ರೇಶ ಜನ್ಮದಲ್ಲಿ ಮೊದಲ ಸಲ ಚೀಟಿ ಓದಿದ. ಕೊಡುವವರು: ಶ್ರೀನಿವಾಸುಲು. ತಗೊಳ್ಳುವವರು: ಹೆಂಡತಿ, ತಂಗಿ. ಕೆಳಗೆ ಹೊಸದೊಂದು ಸಾಲು. ತಂದು ಮುಟ್ಟಿಸುವವರು: ಕೊಟ್ರೇಶನೇ ಆಗಬೇಕು.

"ಖಾನಿ ಒಂದು ಹೆಚ್ಚ ಮಾಡೀನಿ," ಎಂದಳು ಝಾನ್ಸಿ. "ಇಬ್ರೂ ಪೊರಕಿ ಹಿಡಕೊಂಡು ನಿನ್ನ ದಾರಿನ ಕಾಯಾಕತ್ತ್ಯಾರ."