ಟ್ಯಾಂಕಿಗೆ ಜೋಡಿಸಿದ ಸಂಸಾರ

ಮದುವೆಯಾಗಿ ಹನ್ನೊಂದು ವರ್ಷವಾಗಿದ್ದ ಸರ್ವೋತ್ತಮ ಬ್ಯಾಚುಲರ್ ಎಂಬುದು ಕಂಪನಿಯ ದಾಖಲೆಗಳಲ್ಲಿ ನಿರ್ವಿವಾದವಾಗಿ ಸ್ಥಾಪಿತವಾದ ಸಂಗತಿಯಾಗಿತ್ತು. ಅವನ ಧರ್ಮಪತ್ನಿ ಹರಿಣಾಕ್ಷಿಯೂ ಬ್ಯಾಚುಲರ್. ಗಲ್ಫಿನಲ್ಲಿ ಈ ಪದಕ್ಕೂ ತಾಳಿಗೂ ಸಂಬಂಧವಿಲ್ಲ. ಯಾರಿಗೆ ಕುಟುಂಬ ವಸತಿ ಮಂಜೂರಾಗಿಲ್ಲವೋ ಅವರೆಲ್ಲ ಬ್ಯಾಚುಲರ್‌ಗಳೇ, ಮೊಮ್ಮಕ್ಕಳಿದ್ದರೂ ಸೈ.

ಸರ್ವೋತ್ತಮ ಮರುಭೂಮಿಯ ನಡುವಿನ ಊರಾದ ಮದೀನತ್ ಜಾಯೆದ್‌ನಲ್ಲಿ, ಎಣ್ಣೆ ಬಾವಿಗಳಿಗೆ ಸಾಮಾನು ಪೂರೈಸುವ ಕಂಪನಿಯೊಂದರ ಸ್ಟೋರ್‌ಕೀಪರ್. ಆರು ಜನರ ಕೋಣೆಯಲ್ಲಿ ಮೇಲಿನ ಮಂಚ ಅವನದು. ಹರಿಣಾಕ್ಷಿ ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಅವಳದು ಲೇಡೀಸ್ ಹಾಸ್ಟೆಲ್ಲು. ಪ್ರತಿ ಶುಕ್ರವಾರ ಅವನು ಬಸ್ಸು ಹತ್ತಿ ಬಂದರೆ ಇಬ್ಬರೂ ಪಾರ್ಕಿನ ಬೆಂಚಿನಲ್ಲಿ ಕೂತು ಅವಳು ತಂದ ನೀರುದೋಸೆ ತಿನ್ನುತ್ತಿದ್ದರು. ಡಬ್ಬಿಯೊಳಗೆ ದೋಸೆಗಳು ತಣ್ಣಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ದೋಸೆಗಳಿಗಿರುವ ಈ ಸೌಲಭ್ಯ ತಮಗಿಲ್ಲವಲ್ಲ ಎಂದು ಗಂಡಹೆಂಡಿರಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹೀಗಿರುವಾಗ, ಎರಡು ಸಾವಿರದ ಹದಿನಾಲ್ಕರಲ್ಲಿ, ಅವಳ ಆಸ್ಪತ್ರೆ ಮದೀನತ್ ಜಾಯೆದ್‌ನಲ್ಲೂ ಒಂದು ಕ್ಲಿನಿಕ್ ತೆರೆಯಿತು. ಅಲ್ಲಿ ಕುಟುಂಬ ವಸತಿ ಇದೆಯೆಂದು ತೋರಿಸುವವರಿಗೆ ತಿಂಗಳ ಕೊನೆಯೊಳಗೆ ವರ್ಗ. ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಅದೇ ವಾರ ಸರ್ವೋತ್ತಮನ ಕಂಪನಿಯ ವಸತಿ ವಿಭಾಗ ಒಂದು ಸುತ್ತೋಲೆ ಹೊರಡಿಸಿತು:

"ಕುಟುಂಬ ವಸತಿಗಳ ತೀವ್ರ ಕೊರತೆಯನ್ನು ಪರಿಗಣಿಸಿ, ಆವರಣದಲ್ಲಿ ಖಾಲಿ ಬಿದ್ದಿರುವ, ಮೇಲ್ಛಾವಣಿಯುಳ್ಳ ಯಾವುದೇ ವಸ್ತುವನ್ನು ಅರ್ಹ ಉದ್ಯೋಗಿಗೆ ಕುಟುಂಬ ವಸತಿಯೆಂದು ಮಂಜೂರು ಮಾಡಲಾಗುವುದು. ಸದರಿ ವಸ್ತುವಿನಲ್ಲಿ ಖಾಯಂ ಅಡುಗೆಮನೆ ಇರತಕ್ಕದ್ದು."

ಅಂಥ ವಸ್ತು ಒಂದೇ ಇತ್ತು. ಹಿಂದಿನ ಮ್ಯಾನೇಜರ್ ಮರುಭೂಮಿಯಲ್ಲಿ ರಜೆ ಕಳೆಯಲೆಂದು ಕಂಪನಿಯ ಖರ್ಚಿನಲ್ಲಿ ತರಿಸಿದ್ದ ಕ್ಯಾರವಾನ್. ಮಂಚ, ಮೇಜು, ಒಲೆ ಎಲ್ಲ ಒಳಗೇ ಇದ್ದ ಚಕ್ರದ ಮನೆ. ಮೊದಲ ಸವಾರಿಯಲ್ಲೇ ಅದು ಮರಳಲ್ಲಿ ಹೂತುಹೋಯಿತು, ಮ್ಯಾನೇಜರ್ ಬೇರೆ ಕಡೆಗೆ ಹೋದರು, ಕ್ಯಾರವಾನ್ ಯಾರ್ಡಿನ ಮೂಲೆ ಸೇರಿತು. ಸರ್ವೋತ್ತಮ ಅದನ್ನು ಒರೆಸಿ, ಇಪ್ಪತ್ತೆರಡು ಕಿಲೋದ ಗ್ಯಾಸ್ ಸಿಲಿಂಡರ್ ಒಂದನ್ನು ಜೋಡಿಸಿ, ವಸತಿ ವಿಭಾಗದ ಲಿಡ್ವಿನ್ ಸರ್ ಅವರನ್ನು ಕರೆದ. ಲಿಡ್ವಿನ್ ಸರ್ ಮಂಗಳೂರಿನ ಕುಲಶೇಖರದವರು, ಒಳ್ಳೆಯ ಮನುಷ್ಯ. ನಿಯಮ ಬರೆಯುವಾಗ ಅವರಿಗೆ ಒಂದು ಬಗೆಯ ಶಾಂತಿ ಸಿಗುತ್ತಿತ್ತು.

"ಅಡುಗೆಮನೆ ಚಂದ ಉಂಟು. ಆದರೆ ಖಾಯಂ ಅಲ್ಲ," ಎಂದರು ಲಿಡ್ವಿನ್.

"ಯಾಕೆ ಸರ್?"

"ಸಿಲಿಂಡರ್ ಎತ್ತಿಕೊಂಡು ಹೋಗಬಹುದಲ್ಲ. ಎತ್ತಬಹುದಾದ ಸಿಲಿಂಡರ್ ಬ್ಯಾಚುಲರ್ ಸಿಲಿಂಡರ್. ಎತ್ತಲಾಗದ್ದು ಕುಟುಂಬದ್ದು."

ಸರ್ವೋತ್ತಮ ಅದರ ಎರಡರಷ್ಟು ತೂಕದ ಸಿಲಿಂಡರ್ ತಂದ. ವಸತಿ ವಿಭಾಗ ನಿಷ್ಪಕ್ಷಪಾತ ಪರೀಕ್ಷೆಗಾಗಿ ಲೋಡಿಂಗ್ ವಿಭಾಗದ ಚಾಮರಾಜನನ್ನು ನೇಮಿಸಿತು. ಚಾಮರಾಜ ಕೊಳ್ಳೇಗಾಲದ ಕಡೆಯವನು, ಬಾಗಿಲಿನಲ್ಲಿ ಓರೆಯಾಗಿಯೇ ಒಳಗೆ ಬರಬೇಕು. ಅವನು ಸಿಲಿಂಡರನ್ನು ಹೆಗಲಿಗೇರಿಸಿ, "ಎಲ್ಲಿ ಮಡಗ್ಲಿ ಸಾರ್?" ಎಂದು ಕೇಳಿದ.

"ನೀನು ಸ್ವಲ್ಪ ಕಷ್ಟಪಟ್ಟ ಹಾಗೆ ಮಾಡಬಹುದಿತ್ತು ಮಾರಾಯ," ಎಂದ ಸರ್ವೋತ್ತಮ ಆಮೇಲೆ.

"ಅದೆಂಗಾಯ್ತದೆ ಅಣ್ಣ, ಸರ್ಕಾರಿ ಪರೀಕ್ಷೆ ಥರ ಇತ್ತು," ಎಂದ ಚಾಮರಾಜ. ಅವನಿಗೂ ಬೇಜಾರಾಗಿತ್ತು.

ಯಾರ್ಡಿನ ಇನ್ನೊಂದು ಮೂಲೆಯಲ್ಲಿ, ಮುಗಿದುಹೋದ ಯಾವುದೋ ಪ್ರಾಜೆಕ್ಟಿನ ಪ್ರೊಪೇನ್ ಟ್ಯಾಂಕ್ ಬಿದ್ದಿತ್ತು. ಬಿಳಿ ಬಣ್ಣದ, ನೀರಿನ ಟ್ಯಾಂಕರಿನಷ್ಟು ದೊಡ್ಡದು, ಒಳಗೆ ಗ್ಯಾಸೂ ತುಂಬಿತ್ತು. ಚಾಮರಾಜ ಅದನ್ನು ಒಂದು ಸುತ್ತು ಬಂದು, ಕೈಮುಗಿದು, ಆಗುವುದಿಲ್ಲ ಎಂದು ಲಿಖಿತವಾಗಿ ಕೊಟ್ಟ. ಮರುದಿನವೇ ಕ್ರೇನ್ ಬಂದು ಟ್ಯಾಂಕನ್ನು ಕ್ಯಾರವಾನ್ ಪಕ್ಕಕ್ಕೆ ಇಳಿಸಿತು. ದೂರದಿಂದ ನೋಡಿದರೆ ಟ್ಯಾಂಕಿಗೆ ಒಂದು ಕ್ಯಾರವಾನ್ ಜೋಡಿಸಿದ ಹಾಗೆ ಕಾಣುತ್ತಿತ್ತು.

ಜೋಡಣೆಗೆ ಬಂದವನು ಸುರಕ್ಷತಾ ವಿಭಾಗದ ಅಹ್ಮದ್, ಉಳ್ಳಾಲದವನು. ಈ ಟ್ಯಾಂಕು ಕಾರ್ಖಾನೆಗೆ ಸಾಲುವಂಥದ್ದು, ಆ ಒಲೆ ಎರಡು ಬಾಯಿಯದು. ನೇರವಾಗಿ ಕೊಟ್ಟರೆ ಒಲೆಯೂ ಇಲ್ಲ, ಒಲೆ ಹಚ್ಚಿದವನೂ ಇಲ್ಲ. ಆದ್ದರಿಂದ ಅವನು ಒತ್ತಡ ಇಳಿಸಲು ಒಂದರ ಮುಂದೆ ಒಂದು ರೆಗ್ಯುಲೇಟರ್ ಕೂರಿಸಿ, ತಾಮ್ರದ ಪೈಪ್ ಎಳೆದು, ಕೊನೆಯ ಗೇಣಿಗೆ ರಬ್ಬರಿನ ಹೋಸು ಹಾಕಿ, ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಒಲೆ ನೀಲಿಯಾಗಿ ಹತ್ತಿಕೊಂಡಿತು. ಆ ಶುಕ್ರವಾರ ಹರಿಣಾಕ್ಷಿಯೇ ಕಾವಲಿ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದಳು. ಮೊದಲ ದೋಸೆಯನ್ನು ಅವಳು ಗಂಡನ ತಟ್ಟೆಗೆ ಹಾಕಿದಾಗ ಅದರಿಂದ ಹಬೆ ಏಳುತ್ತಿತ್ತು. ಸರ್ವೋತ್ತಮನ ಕಣ್ಣಲ್ಲಿ ನೀರು ಬಂತು, ನಾಲಿಗೆಯೂ ಸುಟ್ಟಿತ್ತು.

ಅಹ್ಮದ್ ಎರಡು ದೋಸೆ ತಿಂದು, ಕೈ ತೊಳೆದು, "ಜೋಡಣೆ ಫಸ್ಟ್ ಕ್ಲಾಸ್. ಇನ್ನು ಇದರಲ್ಲಿ ಯಾರೂ ವಾಸ ಮಾಡುವ ಹಾಗಿಲ್ಲ," ಎಂದ.

"ಎಂತ?"

"ಇಷ್ಟು ದೊಡ್ಡ ಟ್ಯಾಂಕಿನ ಪಕ್ಕ ವಾಸದ ಮನೆ ಇರಬಾರದು ಸರ್ವೋತ್ತಮಣ್ಣ. ಸಣ್ಣ ಸಿಲಿಂಡರ್ ಆದರೆ ಮಾಫಿ ಮುಷ್ಕಿಲ್, ಏನೂ ತೊಂದರೆ ಇಲ್ಲ."

"ಸಣ್ಣದಿದ್ದರೆ ನಾವು ಕುಟುಂಬ ಅಲ್ಲ ಅಂತೆ."

"ದೊಡ್ಡದಿದ್ದರೆ ನೀವು ಇಲ್ಲಿ ಇರುವ ಹಾಗೇ ಇಲ್ಲ. ಖಲಾಸ್."

ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ಟ್ಯಾಂಕನ್ನು ದೂರ ಸರಿಸೋಣವೆಂದರೆ ದೂರವಿರುವ ಟ್ಯಾಂಕು ಅಡುಗೆಮನೆಯ ಅಂಗವಲ್ಲವೆಂದು ಲಿಡ್ವಿನ್ ಸರ್ ಮೊದಲೇ ಸ್ಪಷ್ಟೀಕರಣ ಕೊಟ್ಟಿದ್ದರು. ಅವನು ಅವರ ಮುಂದೆಯೇ ಹೋಗಿ ನಿಂತ. ಅವರು ಎರಡೂ ವಿಭಾಗದ ನಿಯಮಗಳನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು. ಅವನ ಮೇಲಿನ ಪ್ರೀತಿಯಿಂದಲೇ ಯೋಚಿಸಿದರು, ಅದರಲ್ಲಿ ಸಂಶಯ ಬೇಡ. ಆಮೇಲೆ ಈ ಆದೇಶ ಹೊರಬಿತ್ತು:

"ಒಲೆ ಉರಿಯುತ್ತಿರುವಾಗ ಸದರಿ ಕ್ಯಾರವಾನ್ ಅಡುಗೆಮನೆಯಾಗಿದ್ದು, ವಾಸದ ಮನೆಯಲ್ಲ, ಆದ್ದರಿಂದ ಸುರಕ್ಷತಾ ನಿಯಮದ ಉಲ್ಲಂಘನೆ ಇರುವುದಿಲ್ಲ. ಖಾಯಂ ಅಡುಗೆಮನೆಯಲ್ಲಿರುವ ದಂಪತಿ ಕುಟುಂಬವೆನಿಸುತ್ತಾರೆ. ಒಲೆ ಆರಿದ ಕೂಡಲೇ ಅದು ವಾಸದ ಮನೆಯಾಗುವುದರಿಂದ, ಇಬ್ಬರೂ ತಕ್ಷಣ ಹೊರಬಂದು ಬ್ಯಾಚುಲರ್‌ಗಳಾಗತಕ್ಕದ್ದು."

"ಅಂದರೆ ಗ್ಯಾಸ್ ಉರಿಯುವಷ್ಟು ಹೊತ್ತು ನಾವು ಗಂಡಹೆಂಡತಿ," ಎಂದ ಸರ್ವೋತ್ತಮ.

"ಸರಿಯಾಗಿ ಅರ್ಥ ಮಾಡಿಕೊಂಡಿರಿ," ಎಂದರು ಲಿಡ್ವಿನ್, ಸಂತೋಷದಿಂದ.

"ಗ್ಯಾಸ್ ಮುಗಿದರೆ ತುಂಬಿಸಬಹುದಾ ಸರ್?"

"ತುಂಬಿಸಿದರೆ ಅದನ್ನು ಹೊಸ ಕುಟುಂಬವೆಂದು ಪರಿಗಣಿಸಬೇಕಾಗ್ತದೆ. ನಿಮಗೆ ಆಗಲೇ ಹೆಂಡತಿ ಇದ್ದಾರಲ್ಲ. ಮಂಜೂರಾತಿ ಕಷ್ಟ."

ಹರಿಣಾಕ್ಷಿಗೆ ವರ್ಗವಾಯಿತು. ಸಂಜೆ ಡ್ಯೂಟಿ ಮುಗಿಸಿ ಬಂದವಳು ಒಲೆ ಹಚ್ಚುತ್ತಿದ್ದಳು, ಕುಟುಂಬ ಶುರುವಾಗುತ್ತಿತ್ತು. ಅಡುಗೆ ಮುಗಿದರೂ ಒಲೆ ಆರಿಸುವಂತಿಲ್ಲವಾದ್ದರಿಂದ ಮತ್ತೆ ಇನ್ನೇನಾದರೂ ಬೇಯುತ್ತಲೇ ಇತ್ತು. ಕ್ಯಾಂಪಿನವರೆಲ್ಲ ದೋಸೆ, ಕಡಲೆ ಸುಕ್ಕ, ಪಾಯಸ ತಿಂದು ದುಂಡಗಾದರು. ಸೆಕ್ಯೂರಿಟಿಯವನು ಆಗಾಗ ಕಿಟಕಿಯಲ್ಲಿ ಇಣುಕಿ ಉರಿ ಇದೆಯೇ ಎಂದು ನೋಡಿ ಹೋಗುತ್ತಿದ್ದ. ನಿದ್ದೆ ಬಂದಾಗ ಒಲೆ ಆರಿಸಿ, ಅವನು ತನ್ನ ಮೇಲಿನ ಮಂಚಕ್ಕೂ ಅವಳು ಕ್ಲಿನಿಕ್ಕಿನ ನರ್ಸುಗಳ ಕೋಣೆಗೂ ಹೋಗುತ್ತಿದ್ದರು. ಒಮ್ಮೆ ಸಿಟ್ಟಿನ ಮಾತಾದಾಗ ಹರಿಣಾಕ್ಷಿ ಒಲೆಯ ಕಿವಿ ತಿರುಗಿಸಿ ಉರಿ ಆರಿಸಿದಳು. ಸರ್ವೋತ್ತಮ ನಿಯಮದ ಪ್ರಕಾರ ಹೊರಗೆ ಹೋಗಿ ನಿಂತ, ಅವಳು ಮತ್ತೆ ಹಚ್ಚುವ ತನಕ.

ಆದರೂ ಅವರು ಸುಖವಾಗಿದ್ದರು. ಸರ್ವೋತ್ತಮನಿಗೆ ಒಂದೇ ಚಿಂತೆ, ಟ್ಯಾಂಕಿನ ಮೀಟರಿನ ಮುಳ್ಳು. ಅದು ನಿಧಾನವಾಗಿ, ಆದರೆ ಒಂದೇ ದಿಕ್ಕಿನಲ್ಲಿ, ಇಳಿಯುತ್ತಿತ್ತು.

ಮುಳ್ಳು ಅರ್ಧಕ್ಕೆ ಬಂದ ದಿನ ಸಂಜೆ ಲಿಡ್ವಿನ್ ಸರ್ ಬಂದು ಮೆಟ್ಟಿಲಿನ ಕೆಳಗೆ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಪೈಪಿನ ಮೇಲೆ ಬೆರಳಿಟ್ಟು, "ಇಲ್ಲೊಂದು ಕವಲು ಜಾಯಿಂಟ್ ಹಾಕಿದರೆ ಇನ್ನೊಂದು ಒಲೆಗೂ ಕೊಡಬಹುದು ಅಂತ ಅಹ್ಮದ್ ಹೇಳ್ತಾನೆ," ಎಂದರು.

"ಯಾರ ಒಲೆ ಸರ್?"

"ನಮ್ಮದು. ಮಾರ್ಟಿನಾ ದುಬೈಯಲ್ಲಿ, ಅಲ್ ಕುಸೈಸ್‌ನ ಶಾಲೆಯಲ್ಲಿ ಟೀಚರ್. ಹದಿನಾಲ್ಕು ವರ್ಷ ಆಯಿತು, ನಾವೂ ಬ್ಯಾಚುಲರೇ."

ಸರ್ವೋತ್ತಮನಿಗೆ ಮೈಯೆಲ್ಲ ಉರಿಯಿತು. ಹನಿ ಹನಿ ಲೆಕ್ಕ ಹಾಕಿ ಉಳಿಸಿಕೊಂಡ ಸಂಸಾರವನ್ನು ಈ ಮನುಷ್ಯನಿಗೆ ಅರ್ಧ ಬಿಟ್ಟುಕೊಡಬೇಕೇ?

"ನಿಯಮ ಬರೆದದ್ದು ನೀವೇ ಅಲ್ವಾ ಸರ್? ಒಂದು ಗೆರೆ ತಿದ್ದಿದ್ದರೆ ನಾವು ನಾಲ್ವರೂ ಮನುಷ್ಯರ ಹಾಗೆ ಇರಬಹುದಿತ್ತು."

ಲಿಡ್ವಿನ್ ನಿಜಕ್ಕೂ ಗಾಬರಿಯಾದರು. "ಹೇಗೆ ತಿದ್ದುವುದು? ಕುಟುಂಬದ ನಿಯಮ ತಿದ್ದುವ ಅಧಿಕಾರ ಬ್ಯಾಚುಲರ್‌ಗೆ ಇಲ್ಲ."

ಒಳಗಿನಿಂದ ಹರಿಣಾಕ್ಷಿ ಉರಿಯನ್ನು ತೀರಾ ಸಣ್ಣ ಮಾಡಿ ಹೇಳಿದಳು:

"ಕೊಡಿ ಮಾರಾಯ್ರೆ. ಪಾಪ, ಆ ಹೆಂಗಸು ಎಷ್ಟು ಅಂತ ಕಾಯುವುದು? ನಾವು ಸಣ್ಣ ಉರಿಯಲ್ಲಿ ಇರುವ."

ಅಹ್ಮದ್ ಕವಲು ಹಾಕಿದ. ಯಾರ್ಡಿನ ಹಳೆಯ ಕಂಟೈನರ್ ಒಂದಕ್ಕೆ ಒಲೆ ಬಂತು, ರಜೆಯ ದಿನಗಳಲ್ಲಿ ಮಾರ್ಟಿನಾ ಬರತೊಡಗಿದಳು. ಮತ್ತೆ ಮೂವರು ಅರ್ಜಿ ಹಾಕಿದರು, ಅವರಿಗೂ ಪೈಪ್ ಹೋಯಿತು. ಉರಿ ಇನ್ನೂ ಸಣ್ಣದಾಯಿತು. "ಕಣ್ಣಿಗೆ ಕಾಣದಿದ್ದರೂ ಕೈಗೆ ಬಿಸಿ ತಾಗಿದರೆ ಉರಿ ಇದೆಯೆಂದೇ ಭಾವಿಸತಕ್ಕದ್ದು" ಎಂದು ವಸತಿ ವಿಭಾಗ ಉದಾರವಾದ ತಿದ್ದುಪಡಿ ತಂದಿತು.

ಒಂದು ದಿನ ಕಾರ್ಕಳದಿಂದ ಸರ್ವೋತ್ತಮನ ಅಮ್ಮ ಫೋನ್ ಮಾಡಿ, ನಿಮ್ಮಿಬ್ಬರ ಸಂಸಾರ ಹೇಗೆ ನಡೀತಾ ಉಂಟು ಎಂದು ಕೇಳಿದರು. ಅವನು ಕಿಟಕಿಯಿಂದ ಬಗ್ಗಿ ಮೀಟರ್ ನೋಡಿದ.

"ಮೂವತ್ತೆಂಟು ಪರ್ಸೆಂಟ್ ಉಂಟಮ್ಮ."

"ಒಳ್ಳೇದೇ ಆಯ್ತಲ್ವಾ ಮಗಾ," ಎಂದರು ಅಮ್ಮ. "ನಿನ್ನ ಅಪ್ಪ ಇದ್ದಾಗ ನಮಗೆ ಅಷ್ಟೂ ಇರಲಿಲ್ಲ."